ಪರೀಕ್ಷೆಯ ಲೆಕ್ಕ, ರೋಗದ ಲೆಕ್ಕ

ಸಾಂಕ್ರಾಮಿಕ ರೋಗ ಹರಡಿದಾಗ ಸರಕಾರಗಳು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಖ್ಯೆ ಒಂದಿದೆ: ಇಂದು ಇಷ್ಟು ಲಕ್ಷ ಮಂದಿಯನ್ನು ಪರೀಕ್ಷಿಸಿದೆವು ಎಂಬುದು. 2020 ಮತ್ತು 2021ರಲ್ಲಿ ಕೊರೋನಾದ ದೈನಂದಿನ ಬುಲೆಟಿನ್‌ಗಳನ್ನು ನಾವೆಲ್ಲರೂ ಓದಿದೆವು. ಆದರೆ ಆ ಸಂಖ್ಯೆಗಳನ್ನು ಪ್ರಶ್ನಿಸಿದ್ದು ಕಡಿಮೆ.

ಪರೀಕ್ಷೆ ಸಾಕಷ್ಟು ನಡೆದಿದೆಯೇ ಎಂಬುದನ್ನು ಒಟ್ಟು ಸಂಖ್ಯೆಯೊಂದೇ ತಿಳಿಸಲಾರದು. ಪರೀಕ್ಷೆಗೊಳಗಾದ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಸೋಂಕು ಕಂಡುಬಂತು ಎಂಬುದನ್ನೂ ನೋಡಬೇಕು. ಈ ಪ್ರಮಾಣ ಹೆಚ್ಚಿದ್ದರೆ ಬಹಳಷ್ಟು ಸೋಂಕಿತರು ಲೆಕ್ಕದ ಹೊರಗೆ ಉಳಿದಿದ್ದಾರೆಂದೇ ಶಂಕಿಸಬೇಕು. ನಿರ್ಬಂಧ ಸಡಿಲಿಸುವ ಮುನ್ನ ಅದು ಕನಿಷ್ಠ ಎರಡು ವಾರ ಶೇ. 5ಕ್ಕಿಂತ ಕೆಳಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲಿ ಸೂಚಿಸಿತ್ತು. ಒಂದು ವರ್ಷದ ಬಳಿಕ, 2021ರ ಮೇ ಮಧ್ಯದಲ್ಲಿ, ಕರ್ನಾಟಕದಲ್ಲಿ ಅದು ಶೇ. 30ನ್ನು ದಾಟಿತ್ತು. ಅದೇ ದಿನಗಳಲ್ಲಿ ಪರೀಕ್ಷೆಗಳು ಏಪ್ರಿಲ್ ಕೊನೆಗಿಂತ ಕಡಿಮೆಯಾಗಿದ್ದವು. ಹಾಗಿರುವಾಗ ಪ್ರಕರಣ ಇಳಿಯಿತೆಂದರೆ ರೋಗ ಇಳಿದಿದೆಯೇ ಅಥವಾ ಹುಡುಕಾಟ ಇಳಿದಿದೆಯೇ?

ಪ್ರಮಾಣ ಕಡಿಮೆಯಿದ್ದ ಮಾತ್ರಕ್ಕೂ ನಿಶ್ಚಿಂತರಾಗುವಂತಿಲ್ಲ. ಕ್ಷಿಪ್ರ ಆ್ಯಂಟಿಜೆನ್ ಪರೀಕ್ಷೆ ಬೇಗ ಫಲಿತಾಂಶ ಕೊಡುತ್ತದೆ, ಆದರೆ ಅನೇಕ ಸೋಂಕಿತರನ್ನು ಬಿಟ್ಟುಬಿಡುತ್ತದೆ. ಅದರಲ್ಲಿ ನೆಗೆಟಿವ್ ಬಂದರೂ ರೋಗಲಕ್ಷಣವಿದ್ದವರಿಗೆ ಆರ್‌ಟಿ-ಪಿಸಿಆರ್ ಮಾಡಲೇಬೇಕೆಂಬ ನಿಯಮವಿತ್ತು. ಕೆಲವು ದೊಡ್ಡ ರಾಜ್ಯಗಳು ಅದನ್ನು ಪಾಲಿಸುತ್ತಿಲ್ಲವೆಂದು 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರವೇ ಪತ್ರ ಬರೆಯಬೇಕಾಯಿತು.

ಲೆಕ್ಕದ ಹೊರಗಿದ್ದವರು ಎಷ್ಟು? ಆ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರಕಾರ ನಡೆಸಿದ ಸಮೀಕ್ಷೆಯ ಅಂದಾಜಿನಂತೆ ರಾಜ್ಯದ ಶೇ. 27.3 ಜನರಿಗೆ, ಅಂದರೆ 1.93 ಕೋಟಿ ಮಂದಿಗೆ, ಆಗಲೇ ಸೋಂಕು ತಗಲಿತ್ತು. ದಾಖಲಾದ ಪ್ರಕರಣಗಳು 5 ಲಕ್ಷಕ್ಕಿಂತ ಕಡಿಮೆ. ಸುಮಾರು ನಲವತ್ತು ಮಂದಿಯಲ್ಲಿ ಒಬ್ಬರು! ಲಕ್ಷಣವಿಲ್ಲದವರನ್ನೆಲ್ಲ ಯಾವ ದೇಶವೂ ಪತ್ತೆಹಚ್ಚಲಾರದು, ನಿಜ. ಈ ಸತ್ಯವನ್ನು ಸರಕಾರವೇ ಅಳೆದು ಪ್ರಕಟಿಸಿದ್ದೂ ಮೆಚ್ಚತಕ್ಕದ್ದು. ಆದರೆ ಬುಲೆಟಿನ್ ತೋರಿಸಿದ್ದು ರೋಗದ ವಿಸ್ತಾರವನ್ನಲ್ಲ, ನಮ್ಮ ಹುಡುಕಾಟದ ಮಿತಿಯನ್ನು ಎಂಬುದು ಇದರಿಂದ ಸ್ಪಷ್ಟ.

ಯಾರನ್ನು ಹುಡುಕಲಾಯಿತು ಎಂಬ ಪ್ರಶ್ನೆ ಇನ್ನೂ ಗಂಭೀರವಾದುದು. 2020ರ ಏಪ್ರಿಲ್ 18ರಂದು ಕೇಂದ್ರ ಆರೋಗ್ಯ ಸಚಿವಾಲಯ, ದೇಶದ 14,378 ಪ್ರಕರಣಗಳಲ್ಲಿ 4,291 ತಬ್ಲೀಗಿ ಜಮಾಅತ್‌ನ ದಿಲ್ಲಿ ಸಭೆಗೆ ಸಂಬಂಧಿಸಿದವು ಎಂದಿತು. ಆಗ ಇಡೀ ದೇಶದಲ್ಲಿ 4 ಲಕ್ಷ ಪರೀಕ್ಷೆಗಳೂ ಆಗಿರಲಿಲ್ಲ. ಆ ಸಭೆಯಿಂದ ಸೋಂಕು ಹರಡಿದ್ದು ನಿಜ. ಸಂಪರ್ಕಿತರನ್ನು ಹುಡುಕಿ ಪರೀಕ್ಷಿಸಿದ್ದೂ ಸರಿಯೇ. ಆದರೆ ಅವರಲ್ಲಿ ಎಷ್ಟು ಮಂದಿಯನ್ನು, ಉಳಿದವರಲ್ಲಿ ಎಷ್ಟು ಮಂದಿಯನ್ನು ಪರೀಕ್ಷಿಸಲಾಯಿತೆಂಬ ಲೆಕ್ಕವಿಲ್ಲದೆ ಆ ಶೇಕಡಾವಾರುವಿಗೆ ಅರ್ಥವೇನು? ಒಂದೇ ಕೋಣೆಯಲ್ಲಿ ದೀಪ ಹಚ್ಚಿ, ಧೂಳಿರುವುದು ಅಲ್ಲಿ ಮಾತ್ರ ಎಂದಂತಾಯಿತು. ಟಿವಿ ಚಾನೆಲ್‌ಗಳು ಆ ಅಂಕಿಯನ್ನೇ ಹಿಡಿದು ಒಂದು ಸಮುದಾಯವನ್ನು ಅಪರಾಧಿ ಸ್ಥಾನದಲ್ಲಿ ನಿಲ್ಲಿಸಿದವು. ತರಕಾರಿ ಮಾರುವ ಬಡವನೂ ಅದರ ಬೆಲೆ ತೆತ್ತ. ವಿದೇಶಿ ಸದಸ್ಯರನ್ನು ಬಲಿಪಶು ಮಾಡಲಾಯಿತೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಅಭಿಪ್ರಾಯಪಟ್ಟದ್ದು ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿಹೋಗಿತ್ತು.

ನಾಳೆ ಇನ್ನೊಂದು ರೋಗ ಬರಬಹುದು, ಬುಲೆಟಿನ್‌ಗಳೂ ಬರುತ್ತವೆ. ಎಷ್ಟು ಪರೀಕ್ಷೆ ಎಂಬುದರ ಜೊತೆಗೆ ಯಾರಿಗೆ, ಯಾವ ವಿಧಾನದಿಂದ, ನೂರಕ್ಕೆ ಎಷ್ಟು ಎಂದೂ ನಾವು ಕೇಳಬೇಕು. ಈ ಮೂರಕ್ಕೆ ಉತ್ತರ ಸಿಗುವವರೆಗೆ, ಸಮಾಧಾನವನ್ನೂ ಆರೋಪವನ್ನೂ ತಡೆಹಿಡಿಯುವುದೇ ನ್ಯಾಯ.