ಚನ್ನಪಟ್ಟಣದ ಲೇತು, ಕ್ಯಾಲಿಫೋರ್ನಿಯಾದ ತುಕ್ಕು

ಚನ್ನಪಟ್ಟಣದ ಮರದ ಆಟಿಕೆ ವಾಹನಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೂಡಿಬಂದಿರುವುದು ಉಗಿಬಂಡಿ. ಕಾರು ಅದರ ನಂತರದ್ದು, ಬಸ್ಸು ಅದಕ್ಕೂ ನಂತರದ್ದು, ಲಾರಿ ಕೊನೆಯದು. ಈ ಕ್ರಮವನ್ನು ನಿರ್ಧರಿಸಿರುವುದು ಲೇತು. ಮರದ ತುಂಡು ತಿರುಗುತ್ತಿರುತ್ತದೆ, ಉಳಿ ಅದಕ್ಕೆ ತಾಗಿ ನಿಲ್ಲುತ್ತದೆ; ಅಲ್ಲಿ ಹುಟ್ಟುವುದೆಲ್ಲ ದುಂಡಗಿರುತ್ತದೆ. ಉಗಿಬಂಡಿಯ ಬಾಯ್ಲರು, ಹೊಗೆಕೊಳವೆ, ಗಾಲಿ, ಮುಂದಿನ ದೀಪ ಎಲ್ಲವೂ ನಿಜದಲ್ಲೇ ದುಂಡು. ಅದನ್ನು ಕಡೆಯುವಾಗ ಲೇತು ತನ್ನ ಸ್ವಭಾವ ಬಿಟ್ಟು ಎಲ್ಲಿಗೂ ಹೋಗಬೇಕಿಲ್ಲ. ಬೆಂಗಳೂರಿನಿಂದ ಹೊರಟು 1882ರ ಹೊತ್ತಿಗೆ ಮೈಸೂರು ಮುಟ್ಟಿದ ಮೀಟರ್ ಗೇಜ್ ಹಳಿ ಚನ್ನಪಟ್ಟಣದ ಮೇಲೆಯೇ ಹಾದುಹೋಗಿತ್ತು. ನಿಜವಾದ ನಮೂನೆ ಊರಿನವರ ಕಣ್ಣೆದುರಿಗೇ ಓಡಾಡುತ್ತಿತ್ತು.

ಬಣ್ಣದ ಕತೆಯೂ ಇದೇ. ಈ ಆಟಿಕೆಗಳಿಗೆ ಬಳಸುವ ಆಲೆಮರ ಬಿಳಿ, ಮೆದು, ಒತ್ತಾದ ಎಳೆಯದು. ಚೆನ್ನಾಗಿ ಒಣಗಿದ ಮರವನ್ನು ಕಡೆದು ಆಕಾರಕ್ಕೆ ತಂದ ಮೇಲೆ, ಅದು ಇನ್ನೂ ಲೇತಿನ ಮೇಲೆ ತಿರುಗುತ್ತಿರುವಾಗಲೇ, ಬಣ್ಣ ಬೆರೆಸಿ ಮಿದ್ದು ಮಾಡಿಟ್ಟ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಎಪ್ಪತ್ತು ಡಿಗ್ರಿಯ ಆಸುಪಾಸಿನಲ್ಲೇ ಅದು ಮೆತ್ತಗಾಗಲು ಶುರುವಾಗುತ್ತದೆ. ಮೇಲಿಂದ ತಾಳೆಗರಿ ಹಿಡಿದು ಒತ್ತಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಏಳುತ್ತದೆ. ಕುಂಚ ಬೇಡ, ಥಿನ್ನರ್ ಬೇಡ, ಒಣಗಲೆಂದು ಕಾಯುವುದೂ ಬೇಡ. ಆಕಾರ ಕೊಟ್ಟ ತಿರುಗಾಟವೇ ಬಣ್ಣವನ್ನೂ ಹೊಳಪನ್ನೂ ಕೊಡುತ್ತದೆ. ಇಷ್ಟು ಅಚ್ಚುಕಟ್ಟಾಗಿ ಒಂದಕ್ಕೊಂದು ಹೆಣೆದುಕೊಂಡ ಕೆಲಸದ ಕ್ರಮ ಜಗತ್ತಿನ ಆಟಿಕೆ ತಯಾರಿಕೆಯಲ್ಲಿ ಹೆಚ್ಚಿಲ್ಲವೆಂದೇ ನನ್ನ ನಂಬಿಕೆ.

ಆದರೆ ತಿರುಗದ ಮೈಗೆ ಹೀಗೆ ಅರಗು ಹಿಡಿಸಲಾಗದು. ಚನ್ನಪಟ್ಟಣದ ಕಾರು ಸೋಲುವುದು ಇಲ್ಲಿಯೇ. ಇಂದಿನ ಕಾರಿನ ಅಂಗಾಂಗವೆಲ್ಲ ಬಾಗಿದ ತಗಡು, ಅಗಲ ಗಾಜು, ಚೌಕದ ಬಾಗಿಲು. ಅದನ್ನು ಅನುಕರಿಸಹೊರಟವರು ಹಲಗೆ ಕೊಯ್ದು, ಮೂಲೆ ಉಜ್ಜಿ, ಡಬ್ಬಿಯ ಬಣ್ಣ ಬಳಿಯುತ್ತಾರೆ; ಲೇತಿನ ಪಾಲಿಗೆ ಉಳಿಯುವುದು ನಾಲ್ಕು ಗಾಲಿ ಮಾತ್ರ. ಅಂಥ ಕಾರು ಯಾವ ಊರಿನಲ್ಲಿ ಬೇಕಾದರೂ ಆದೀತು. ಇನ್ನೊಂದು ದಾರಿ ಹಿಡಿದವರು ಮೈಯನ್ನೇ ಮೊಟ್ಟೆಯಂತೆ ಕಡೆದು, ಮಧ್ಯೆ ಗುಳಿ ತೋಡಿ, ಗುಂಡುತಲೆಯ ಚಾಲಕನನ್ನು ಕೂರಿಸಿದರು. ಅದು ಯಾವ ಕಂಪನಿಯ ಕಾರಿನ ಹಾಗೂ ಇಲ್ಲ, ಆದರೂ ನೋಡಿದೊಡನೆ ಮಗು ಕಾರೆಂದು ಗುರುತು ಹಿಡಿದು ತಳ್ಳಿಕೊಂಡು ಹೋಗುತ್ತದೆ. ವಿಮರ್ಶಕನಾಗಿ ನಾನು ಈ ಎರಡನೆಯದರ ಪರ.

ಹಾಗಾದರೆ ಲೇತಿಗೆ ಒಗ್ಗುವ ಕಾರು ಇಲ್ಲವೇ ಇಲ್ಲವೇ? ಇದೆ, ದೂರದ ಊರಿನಲ್ಲಿ. 1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡುಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡ್ ಕಿತ್ತು, ಬಾನೆಟ್ ತೆಗೆದು, ಭಾರ ಇಳಿಸಿ, ಮುರಾಕ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಓಡಿಸಿದರು. ಇವೇ ಹಾಟ್ ರಾಡ್‌ಗಳು. ಇವುಗಳಲ್ಲಿ ಹೆಚ್ಚು ಹೆಸರು ಮಾಡಿದ್ದು 1932ರ ಫೋರ್ಡು; ಕಂಪನಿ ತನ್ನ ವಿ-8 ಎಂಜಿನ್ನನ್ನು ಮೊದಲು ಕೂರಿಸಿದ್ದು ಆ ವರ್ಷವೇ. ಹೊದಿಕೆಯನ್ನೆಲ್ಲ ಕಳಚಿದ ಆ ಕಾರಿನಲ್ಲಿ ಕಣ್ಣಿಗೆ ಬೀಳುವುದೇನು? ಹಿಂದೆ ದೊಡ್ಡ ಗಾಲಿ, ಮುಂದೆ ಚಿಕ್ಕ ಗಾಲಿ, ಬಟ್ಟಲಿನಂಥ ದೀಪ, ಬಯಲಿಗೆ ಬಿದ್ದ ಎಂಜಿನ್, ಅದರಿಂದ ಹೊರಟ ಹೊಗೆಕೊಳವೆಗಳು. ಬಹುಪಾಲು ಕಡೆತದ ಕೆಲಸವೇ. ಉಗಿಬಂಡಿಯ ನಂತರ ಚನ್ನಪಟ್ಟಣದ ಲೇತಿಗೆ ಹೇಳಿಮಾಡಿಸಿದ ವಾಹನ ಇದೇ ಎಂದು ನಾನು ಗಟ್ಟಿಯಾಗಿ ಹೇಳಬಲ್ಲೆ.

ಅಲ್ಲಿಯವರು ಇದರ ಮಾದರಿಯನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾರೆ. ಇಪ್ಪತ್ತೈದರಲ್ಲಿ ಒಂದು ಪಾಲಿನ ಅಳತೆ ಅಮೆರಿಕದಲ್ಲಿ ರೂಢಿ. ಚಕ್ರದಿಂದ ಚಕ್ರಕ್ಕೆ 106 ಅಂಗುಲವಿದ್ದ 1932ರ ಫೋರ್ಡು ಆ ಅಳತೆಯಲ್ಲಿ ನಾಲ್ಕೂಕಾಲು ಅಂಗುಲಕ್ಕೆ ಇಳಿಯುತ್ತದೆ. ಜೋಡಿಸಿ ಬಣ್ಣ ಹಚ್ಚಿದ ಮೇಲೆ ಕೆಲವರು ಅದನ್ನು ಹಳತು ಮಾಡಲು ಕೂರುತ್ತಾರೆ. ಮೊದಲು ತುಕ್ಕಿನ ಬಣ್ಣ, ಅದರ ಮೇಲೆ ಹೇರ್‌ಸ್ಪ್ರೇ, ಅದರ ಮೇಲೆ ಕಾರಿನ ಬಣ್ಣ. ಆಮೇಲೆ ನೀರು ಸವರಿ ಗಡಸು ಕುಂಚದಲ್ಲಿ ತಿಕ್ಕಿದರೆ ಮೇಲಿನ ಪದರ ಅಲ್ಲಲ್ಲಿ ಎದ್ದು ಅಡಿಯ ತುಕ್ಕು ಕಾಣುತ್ತದೆ. ಕೆಲವರು ಒದ್ದೆ ಮಾಡಿದ ಜಾಗಕ್ಕೆ ಉಪ್ಪಿನ ಹರಳು ಉದುರಿಸಿ, ಅದರ ಮೇಲೆ ಬಣ್ಣ ಹೊಡೆದು, ಒಣಗಿದ ಮೇಲೆ ಉಪ್ಪನ್ನು ಉಜ್ಜಿ ತೆಗೆಯುತ್ತಾರೆ. ತೆಳುವಾದ ಕಪ್ಪು ನೀರುಬಣ್ಣವನ್ನು ಬಾಗಿಲಿನ ಸಂದಿಗಳಿಗೆ ಹರಿಯಬಿಡುವುದೂ ಉಂಟು.

ಕೈಚಳಕ ಕಲಿಯಲು ಬರುತ್ತದೆ. ಬೆಲೆ ಕಟ್ಟಬೇಕಾದದ್ದು ತೀರ್ಮಾನಕ್ಕೆ: ತುಕ್ಕು ಎಲ್ಲಿ, ಯಾಕೆ? ನಿಜವಾದ ಕಾರು ಎಲ್ಲೆಂದರಲ್ಲಿ ತುಕ್ಕು ಹಿಡಿಯುವುದಿಲ್ಲ. ನೀರು ನಿಲ್ಲುವ ಬಾಗಿಲಿನ ಕೆಳ ಅಂಚು, ತಗಡು ತಗಡಿಗೆ ಸೇರುವ ಸಂದು, ಕಲ್ಲು ಸಿಡಿದ ಮುಂಭಾಗ, ಇವು ಮೊದಲು ಕೆಡುತ್ತವೆ. ಹೊಗೆಕೊಳವೆ ಎಂಜಿನ್ನಿಗೆ ಹತ್ತಿರವಾದಷ್ಟೂ ಕಾದು ಬಣ್ಣಗೆಡುತ್ತದೆ. ಅಲ್ಯೂಮಿನಿಯಂ ಭಾಗಕ್ಕೆ ಕೆಂಪು ತುಕ್ಕು ಬರುವುದೇ ಇಲ್ಲ, ಬೂದುಬಿಳಿ ಪುಡಿ ಏಳುತ್ತದೆ. ಇದನ್ನು ಮರೆತು ಮೈತುಂಬ ಒಂದೇ ಸಮ ಕಂದು ಎರಚಿದ ಮಾದರಿಗಳೇ ಹೆಚ್ಚು. ಅಳತೆಯೂ ಕಾಡುತ್ತದೆ: ಒಂದು ಮಿಲಿಮೀಟರಿನ ಪುಟ್ಟ ಚಕ್ಕೆ ನಿಜದ ಕಾರಿನಲ್ಲಿ ಎರಡೂವರೆ ಸೆಂಟಿಮೀಟರಿನ ಗಾಯವಾಗುತ್ತದೆ. ಹಾಗೆ ಹತ್ತಾರು ಗಾಯ ಮಾಡಿದ ಮೇಲೆ ಆ ಕಾರು ಓಡುತ್ತಿತ್ತೆಂದು ನಂಬುವುದು ಕಷ್ಟ. ಒಳ್ಳೆಯ ಮಾದರಿಯಲ್ಲಿ ಪ್ರತಿಯೊಂದು ಕಲೆಯನ್ನೂ ಹಿಂದಕ್ಕೆ ಹಿಡಿದುಕೊಂಡು ಹೋದರೆ ಒಂದು ಮಳೆ, ಒಂದು ದಾರಿ, ಒಂದು ಕೈ ಸಿಗುತ್ತದೆ.

ಈ ಕಲೆಗೆ ಬೇಕಾದ ಪಾಠಶಾಲೆ ಚನ್ನಪಟ್ಟಣವಿರುವ ರಾಮನಗರ (ಈಗ ಬೆಂಗಳೂರು ದಕ್ಷಿಣ) ಜಿಲ್ಲೆಯಲ್ಲಿ ರಸ್ತೆಯ ಮೇಲೇ ಇದೆ. ಕನಕಪುರದ ಕಡೆಯಿಂದ ಗ್ರಾನೈಟ್ ಹೊತ್ತು ಬರುವ ಲಾರಿಯನ್ನು ನೋಡಿ. ತೊಟ್ಟಿಯ ಒಳಗೆ ಕಲ್ಲಿನ ಬಿಳಿ ಪುಡಿ, ಮಡ್‌ಗಾರ್ಡಿನ ಅಡಿಯಲ್ಲಿ ಕೆಮ್ಮಣ್ಣು. ಬಂಡೆ ತಿಕ್ಕಿದ ಕಡೆ ಬಣ್ಣ ಹೋಗಿ ಹೊಳೆಯುವ ಕಬ್ಬಿಣ, ತಿಕ್ಕದ ಮೂಲೆಯಲ್ಲಿ ಹಳೆಯ ತುಕ್ಕು. ಚಾಲಕನ ಬಾಗಿಲಿನ ಮೇಲೆ ಮೊಣಕೈ ಊರಿ ಊರಿ ಸವೆದ ಜಾಗ. ಮಾಗಡಿ ರಸ್ತೆಯಲ್ಲಿ ಮಳೆ ಬಿಟ್ಟ ಮೇಲೆ ನಿಂತ ಟ್ರಾಕ್ಟರಿನ ಕೆಸರು ಎರಡು ಬಣ್ಣದ್ದು: ಮೇಲೆ ಒಣಗಿ ತಿಳಿಬಣ್ಣಕ್ಕೆ ತಿರುಗಿದ್ದು, ಕೆಳಗೆ ಇನ್ನೂ ಹಸಿಯಾಗಿ ಕಪ್ಪಾಗಿರುವುದು. ಇದೇ ಜಿಲ್ಲೆಯ ಬಿಡದಿಯಲ್ಲಿ 1999ರ ಕೊನೆಯಿಂದ ಟೊಯೊಟಾ ಕಾರುಗಳು ತಯಾರಾಗುತ್ತಿವೆ. ಕಾರ್ಖಾನೆಯಿಂದ ಹೊರಬಿದ್ದ ಹೊಸ ಹೊಳಪಿಗೂ ಈ ಲಾರಿಯ ಮೈಗೂ ನಡುವೆ ಇರುವುದನ್ನೆಲ್ಲ ಕಣ್ಣಿಟ್ಟು ನೋಡಿದವರಿಗೆ ಮಾದರಿ ಮಾಡಲು ಬೇರೆ ಪುಸ್ತಕ ಬೇಕಾಗದು.

ಚನ್ನಪಟ್ಟಣದ ಆಟಿಕೆಗೂ ಮುಪ್ಪು ಬರುತ್ತದೆ. ನೀರು ಬಿದ್ದು ಅರಗು ಮಬ್ಬಾಗುತ್ತದೆ, ಬಿಸಿಲಿಗೆ ಇಟ್ಟರೆ ಬಿರಿಯುತ್ತದೆ, ನೆಲಕ್ಕೆ ತಾಗುವ ಗಾಲಿಯಂಚಿನಲ್ಲಿ ಬಣ್ಣ ಹೋಗಿ ಬಿಳಿ ಮರ ಕಾಣುತ್ತದೆ, ಅಂಗೈ ಹಿಡಿದ ಜಾಗ ಮಾತ್ರ ಇನ್ನಷ್ಟು ನುಣುಪಾಗುತ್ತದೆ. ಮೂರು ಮಕ್ಕಳ ಕೈ ದಾಟಿದ ಉಗಿಬಂಡಿಯನ್ನು ನೋಡಿದರೆ, ಕ್ಯಾಲಿಫೋರ್ನಿಯಾದ ಹವ್ಯಾಸಿ ಹೇರ್‌ಸ್ಪ್ರೇಯಿಂದ ಸಾಧಿಸಹೊರಟದ್ದೆಲ್ಲ ಅಲ್ಲಿ ತಾನಾಗಿ ಆಗಿರುತ್ತದೆ. ಕರಕುಶಲ ಅಂಗಡಿಗಳಲ್ಲಿ ಕಂದು ಪಾಲಿಶ್ ಕುಡಿಸಿ ‘ಆಂಟಿಕ್’ ಎಂದು ಮಾರುವ ಮರದ ವಿಂಟೇಜ್ ಕಾರುಗಳ ಮೇಲೆ ನನಗಿರುವ ಸಿಟ್ಟು ಇದರಿಂದಲೇ. ಆ ಕಂದಿಗೆ ಮಳೆಯೂ ಗೊತ್ತಿಲ್ಲ, ಮಗುವಿನ ಕೈಯೂ ಗೊತ್ತಿಲ್ಲ. ಪ್ಲಾಸ್ಟಿಕ್ ಮಾದರಿಗೆ ತುಕ್ಕು ಬಳಿಯುವವನು ಕೂಡ ನಟಿಸುತ್ತಾನೆ, ನಿಜ. ಆದರೆ ಅವನು ನಿಜವಾದ ತುಕ್ಕನ್ನು ಓದಿಕೊಂಡು ನಟಿಸುತ್ತಾನೆ. ಈ ‘ಆಂಟಿಕ್’ ಮಾಡುವವರು ಓದಿದ ಗುರುತೇ ಇಲ್ಲ.

2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಈಗ ವಾಹನಗಳು ಚನ್ನಪಟ್ಟಣದ ಒಳಗೆ ಬಾರದೆ ಬೈಪಾಸಿನಲ್ಲೇ ಸಾಗುತ್ತವೆ. ರಸ್ತೆಬದಿಯ ಗೊಂಬೆ ಅಂಗಡಿಗಳಿಗೆ ಇದ್ದ ದಾರಿಹೋಕರ ವ್ಯಾಪಾರ ಕುಸಿಯಿತು. ಇನ್ನು ಕೊಳ್ಳುವವರು ಬೇಕೆಂದೇ ಹುಡುಕಿಕೊಂಡು ಬರಬೇಕು. ಹಾಗೆ ಬರುವವರಿಗೆ ಎಲ್ಲೆಡೆ ಸಿಗುವ ಹಲಗೆಕಾರನ್ನು ತೋರಿಸಿ ಪ್ರಯೋಜನವಿಲ್ಲ. ಮಡ್‌ಗಾರ್ಡ್ ಇಲ್ಲದ, ಹಿಂದೆ ದಪ್ಪ ಮುಂದೆ ಸಣ್ಣ ಗಾಲಿಯ, ಹಳದಿ ಅರಗಿನ ಹೊಗೆಕೊಳವೆಗಳು ಎರಡೂ ಬದಿಗೆ ಚಾಚಿದ, ಕಡೆದದ್ದನ್ನಷ್ಟೇ ಕೂಡಿಸಿದ ಒಂದು ಹಾಟ್ ರಾಡ್ ಅವರಿಗಾಗಿ ಆಗಬೇಕು. ಅದಕ್ಕೆ ಬೇಕಾದ ಬೆಣೆ, ಅಚ್ಚು, ಗಾಲಿ ಉಗಿಬಂಡಿ ಕಡೆಯುವವರ ಕೈಯಲ್ಲಿ ಈಗಾಗಲೇ ಇವೆ. ಚಪ್ಪಟೆ ತಗಡಿನ ರೇಡಿಯೇಟರ್ ಒಂದೇ ತೊಡಕು. ಅದನ್ನೂ ದುಂಡು ಬಿಲ್ಲೆಯಾಗಿ ಕಡೆದು, ಸುತ್ತಿನ ಮೇಲೆ ಸುತ್ತಾಗಿ ಎರಡು ಬಣ್ಣದ ಅರಗು ಹಿಡಿಸಿ ಮುಂದೆ ನಿಲ್ಲಿಸಿದರೆ, 1932ರ ಫೋರ್ಡಿನ ಹೋಲಿಕೆ ಸ್ವಲ್ಪ ತಪ್ಪುತ್ತದೆ. ತಪ್ಪಲಿ, ಚನ್ನಪಟ್ಟಣದ ಕಾರಾಗಲು ಅಷ್ಟು ತಪ್ಪಲೇಬೇಕು.