ಬರೆದವರೇ ನುಡಿದರೆ

ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಕಂಬ ನೋಡಲು ಬಂದವರೆಲ್ಲ ಕದಂಬರ ಮಯೂರಶರ್ಮನ ಕತೆ ಕೇಳಿಕೊಂಡು ಹೋಗುತ್ತಾರೆ. ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದದ್ದು, ಅಲ್ಲಿ ಪಲ್ಲವರ ರಾವುತನ ಜೊತೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು. ರಾಜಕುಮಾರ್ ಅವರ ‘ಮಯೂರ’ ಬಂದ ಮೇಲಂತೂ ಆ ಕತೆಯನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನನ್ನ ಕಣ್ಣು ಮಾತ್ರ ಅರಸನಿಗಿಂತ ಕವಿಯ ಮೇಲೆ. ಎಂಟು ಮುಖದ ಆ ಕಂಬದ ಮೇಲೆ ಸಾಲುಗಳು ಬುಡದಿಂದ ಮೇಲಕ್ಕೆ ಉದ್ದುದ್ದ ಹತ್ತುತ್ತವೆ. ಓದುವವನು ಕತ್ತು ವಾಲಿಸಿಯೇ ಓದಬೇಕು. ಕಾವ್ಯ ಮುಗಿಯುವಲ್ಲಿ ಕುಬ್ಜ ಎಂಬ ಕವಿ ತನ್ನ ಹೆಸರು ಹೇಳಿ, ಶಾಂತಿವರ್ಮ ದೊರೆಯ ಅಪ್ಪಣೆಯಂತೆ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆ ಎನ್ನುತ್ತಾನೆ. ಐದನೆಯ ಶತಮಾನದ ಮಾತು. ಕಟ್ಟುವವನು ಒಬ್ಬ, ಬರೆಯುವವನು ಇನ್ನೊಬ್ಬ, ಕೊರೆಯುವವನು ಮತ್ತೊಬ್ಬ ಎಂಬ ವಾಡಿಕೆಯ ನಡುವೆ ಈ ಕವಿಗೆ ತನ್ನ ಅಕ್ಷರವನ್ನು ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ.

ವಾರವಾರ ರೇಡಿಯೊ ಬಗ್ಗೆ ಬರೆಯುವ ನನಗೆ ಕುಬ್ಜನ ನೆನಪಾದಾಗಲೆಲ್ಲ ಜೊತೆಗೆ ಬರುವ ಹೆಸರು, ತಾನು ಬರೆದದ್ದನ್ನು ತಾನೇ ಮೈಕಿನ ಮುಂದೆ ಆಡುತ್ತಿದ್ದ ನಗೆಗಾರ ನಾ. ಕಸ್ತೂರಿ. ನಮ್ಮ ಶಿಕಾರಿಪುರ, ಸೊರಬದ ಕಡೆ ಕಿವಿಗೆ ರೇಡಿಯೊ ಅಂದರೆ ಭದ್ರಾವತಿ. 1965ರಿಂದ ಈ ಸೀಮೆಯ ಅಡಿಕೆ ಬೆಲೆ, ಮಳೆ ಸುದ್ದಿ, ಜಾನಪದ ಗೀತೆ ಎಲ್ಲವೂ ಅಲ್ಲಿಂದಲೇ. ಆದರೆ ಕನ್ನಡ ರೇಡಿಯೊದ ಬೇರು ಹುಡುಕಿದರೆ ಅದು ಮೈಸೂರಿನ ಒಂದು ಮನೆಗೆ ಹೋಗಿ ಮುಟ್ಟುತ್ತದೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ‘ವಿಠ್ಠಲ ವಿಹಾರ’ದಲ್ಲಿ ಪುಟ್ಟ ಪ್ರಸಾರಯಂತ್ರ ಇಟ್ಟುಕೊಂಡು 1935ರ ಸೆಪ್ಟೆಂಬರ್ 10ರಂದು ಮಾತು ಶುರುಮಾಡಿದರು. ಅಂದು ಕುವೆಂಪು ದನಿಯೂ ಗಾಳಿಗೆ ಏರಿತು ಎನ್ನುತ್ತಾರೆ. ದೆಹಲಿಯ ಪ್ರಸಾರ ಸಂಸ್ಥೆ ‘ಆಲ್ ಇಂಡಿಯಾ ರೇಡಿಯೊ’ ಎಂಬ ಹೆಸರು ಹೊತ್ತದ್ದು 1936ರ ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ಮೈಸೂರಿನ ಮೇಷ್ಟರ ಮನೆಯ ರೇಡಿಯೊಗೆ ಒಂಬತ್ತು ತಿಂಗಳು ತುಂಬುತ್ತಾ ಬಂದಿತ್ತು. ಸ್ವಂತ ಜೇಬಿನ ದುಡ್ಡು ಸುರಿದು ವರ್ಷಗಟ್ಟಲೆ ನಡೆಸಿದ ಆ ನಿಲಯವನ್ನು ನಲವತ್ತರ ದಶಕದ ಆರಂಭದಲ್ಲಿ ಮೊದಲು ಪುರಸಭೆ, ಆಮೇಲೆ ಸಂಸ್ಥಾನ ವಹಿಸಿಕೊಂಡವು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿ ಹುಟ್ಟಿದ್ದು. ಇಟ್ಟವರು ಗೋಪಾಲಸ್ವಾಮಿ ಎನ್ನುವವರಿದ್ದಾರೆ, ಕಸ್ತೂರಿ ಎನ್ನುವವರೂ ಇದ್ದಾರೆ. ಆ ಪಂಚಾಯಿತಿಗೆ ನಾನು ಕೂರುವುದಿಲ್ಲ. ಇಬ್ಬರೂ ನಾಟಕದ ಹುಚ್ಚಿನವರು, ಒಂದೇ ವಿಶ್ವವಿದ್ಯಾನಿಲಯದ ಮೇಷ್ಟರು. ಒಬ್ಬರ ಬಾಯಿಂದ ಬಂದದ್ದು ಇನ್ನೊಬ್ಬರ ಕಿವಿಯಲ್ಲಿ ಕುಳಿತಿರಬಹುದು.

ಕಸ್ತೂರಿ ಕನ್ನಡದ ಮನೆಯಲ್ಲಿ ಹುಟ್ಟಿದವರಲ್ಲ. ಕೊಚ್ಚಿ ಸೀಮೆಯ ತ್ರಿಪುಣಿತ್ತುರದಲ್ಲಿ 1897ರ ಡಿಸೆಂಬರ್ 25ರಂದು ಹುಟ್ಟಿ, ಕೇರಳದಲ್ಲೇ ಓದಿ, ಇಪ್ಪತ್ತರ ಆಸುಪಾಸಿನಲ್ಲಿ ಮೈಸೂರಿನ ಬನುಮಯ್ಯ ಶಾಲೆಗೆ ಪಾಠ ಹೇಳಲು ಬಂದರು. ಆಮೇಲೆ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಮೇಷ್ಟರಾದರು. ಕದಂಬರು, ಪಲ್ಲವರು ಅವರಿಗೆ ನೆಂಟರಷ್ಟು ಪರಿಚಯ ಇದ್ದಿರಬೇಕು. ಕನ್ನಡವನ್ನು ಅವರು ಕಲಿತದ್ದು ದೊಡ್ಡವರಾದ ಮೇಲೆ, ಕಿವಿಯಿಂದ. ಅವರ ಹಾಸ್ಯದ ಗುಟ್ಟು ಇಲ್ಲೇ ಇದೆ ಎಂಬುದು ನನ್ನ ಎಣಿಕೆ. ತಾಯಿಯ ಸೊಂಟದ ಮೇಲೆ ಕಲಿತ ಮಾತು ನಮಗೆ ಸೀದಾ ಅರ್ಥವಾಗಿಬಿಡುತ್ತದೆ, ಅದರ ಸದ್ದು ನಮಗೆ ಕೇಳಿಸುವುದೇ ಇಲ್ಲ. ಹೊರಗಿನಿಂದ ಬಂದವನಿಗೆ ಮೊದಲು ಕೇಳಿಸುವುದು ಸದ್ದು. ಎಲ್ಲಿ ಮುರಿದರೆ ಪದ ಎರಡಾಗುತ್ತದೆ, ಎಲ್ಲಿ ಜೋಡಿಸಿದರೆ ಮೂರನೆಯದಾಗುತ್ತದೆ ಎಂದು ಅವನು ನೋಡುತ್ತಾ ಕೂರುತ್ತಾನೆ. ಕಸ್ತೂರಿಯವರ ‘ಅನರ್ಥಕೋಶ’ ತೆರೆದರೆ ಈ ಚೇಷ್ಟೆ ಪುಟಪುಟದಲ್ಲೂ ಇದೆ: ನಿಘಂಟಿನ ವೇಷ, ಒಳಗೆಲ್ಲ ತುಂಟತನ.

ಆ ಚೇಷ್ಟೆಗೆ ಪತ್ರಿಕೆಯಲ್ಲಿ ಮನೆ ಸಿಕ್ಕಿದ್ದು ‘ಕೊರವಂಜಿ’ಯಲ್ಲಿ. ವೈದ್ಯರಾಗಿದ್ದ ಡಾ. ಎಂ. ಶಿವರಾಂ, ಅಂದರೆ ರಾಶಿಯವರು, 1942ರಲ್ಲಿ ಬೆಂಗಳೂರಿನಲ್ಲಿ ಹಚ್ಚಿದ ಹಾಸ್ಯಪತ್ರಿಕೆ ಅದು. ಮುಂದೆ ದೇಶವೇ ಬಲ್ಲ ಆರ್.ಕೆ. ಲಕ್ಷ್ಮಣ್ ಆಗ ಅದಕ್ಕೆ ಚಿತ್ರ ಬರೆಯುತ್ತಿದ್ದ ಹುಡುಗ. ನಾಟಕ, ಹರಟೆ, ಕಾದಂಬರಿ ಎಲ್ಲದರಲ್ಲೂ ಕಸ್ತೂರಿ ಕೈಯಾಡಿಸಿದರು. ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಇಂಗ್ಲಿಷಿನ ಆಲಿಸಳನ್ನು ಕನ್ನಡಕ್ಕೆ ಇಳಿಸಿದರು. ಮಾತಿನ ಆಟವೇ ಜೀವಾಳವಾದ ಆ ಪುಸ್ತಕವನ್ನು ಹಾಗೇ ಭಾಷಾಂತರಿಸಹೊರಟವನಿಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ, ಹೊಸದಾಗಿ ಆಡಬೇಕು. ತಗಳಿಯವರ ‘ಚೆಮ್ಮೀನ್’ ಕನ್ನಡದಲ್ಲಿ ‘ಕೆಂಪು ಮೀನು’ ಆದದ್ದೂ ಅವರಿಂದಲೇ. ಕಾದಂಬರಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತು ನಿಮಿಷದ ಓಟದಲ್ಲಿ ಅವರನ್ನು ಹಿಡಿಯುವವರಿರಲಿಲ್ಲ, ದೂರದ ಓಟ ಅವರದಲ್ಲ.

ಹತ್ತು ನಿಮಿಷ ಎಂದೆನಲ್ಲ, ರೇಡಿಯೊ ಭಾಷಣದ ಅಳತೆಯೂ ಅದೇ. ಮೇಷ್ಟರುಗಳು ಒಳ್ಳೆಯ ಪ್ರಸಾರಕರಾದದ್ದು ಆಕಸ್ಮಿಕವಲ್ಲ. ಆ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಪ್ರಚಾರೋಪನ್ಯಾಸ ಎಂದು ತನ್ನ ಅಧ್ಯಾಪಕರನ್ನು ಊರೂರಿಗೆ ಕಳಿಸುತ್ತಿತ್ತು. ತೂಕಡಿಸುವವರು, ಮಗುವನ್ನು ಸಮಾಧಾನ ಮಾಡುವವರು, ನಡುವೆ ಎದ್ದು ಹೋಗುವವರು, ಇಂಥವರ ಮುಂದೆ ಮಾತಾಡಿ ಪಳಗಿದ ಬಾಯಿಗೆ ಮೈಕು ಏನು ಮಹಾ? ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ತುದಿಗೆ. ಕಾಗದದ ಮೇಲೆ ಎಷ್ಟು ಉದ್ದ ಎಳೆದರೂ ಕಣ್ಣು ಹಿಂದಕ್ಕೆ ಹೋಗಿ ನೋಡಿಕೊಂಡು ಬರುತ್ತದೆ. ಕಿವಿಗೆ ಆ ಸೌಕರ್ಯವಿಲ್ಲ. ಕ್ರಿಯಾಪದ ಬರುವಷ್ಟರಲ್ಲಿ ಕರ್ತೃ ಯಾರೆಂದು ಕೇಳುಗ ಮರೆತಿರುತ್ತಾನೆ, ಆಮೇಲೆ ಕಿವಿ ಗಡಿಯಾರದ ಕಡೆ, ಒಲೆಯ ಮೇಲಿನ ಹಾಲಿನ ಕಡೆ. ಇವತ್ತು ಬೆಳಗಿನ ಮಾತುಗಳಲ್ಲಿ ನಾನು ಕೇಳುವ ದೊಡ್ಡ ದೋಷ ಇದೇ. ಬರೆದದ್ದು ಪತ್ರಿಕೆಗೆ, ಓದುವುದು ಮೈಕಿಗೆ. ಕೆಲವು ಸಲ ಬರೆದವರೇ ಬೇರೆ, ಓದುವವರೇ ಬೇರೆ. ಉಚ್ಚಾರ ಗಟ್ಟಿ, ದನಿ ಇಂಪು, ಆದರೂ ಮಾತು ಬಾಡಿಗೆ ಅಂಗಿಯ ಹಾಗೆ ಹೆಗಲಲ್ಲಿ ಕೂರುವುದಿಲ್ಲ.

ಮೈಸೂರಿನ ನಿಲಯವನ್ನು 1950ರಲ್ಲಿ ಕೇಂದ್ರ ತೆಗೆದುಕೊಂಡಿತು, 1955ರಲ್ಲಿ ಅದು ಬೆಂಗಳೂರಿಗೆ ಹೋಯಿತು. ಅಷ್ಟರಲ್ಲಿ ಕಸ್ತೂರಿ ದಾವಣಗೆರೆಯ ಡಿ.ಆರ್.ಎಂ. ಕಾಲೇಜಿನ ಪ್ರಾಂಶುಪಾಲರಾಗಿದ್ದು ನಿವೃತ್ತರಾಗಿದ್ದರು. ಇತರರು ಪೆನ್ಷನ್ ಲೆಕ್ಕ ನೋಡಿಕೊಂಡು ಕೂರುವ ವಯಸ್ಸಿನಲ್ಲಿ ಇವರು ಬೆಂಗಳೂರು ಆಕಾಶವಾಣಿಗೆ ನಿರ್ಮಾಪಕರಾಗಿ ಸೇರಿದರು. ಹವ್ಯಾಸವಾಗಿ ಕಂಡಿದ್ದ ಪ್ರಸಾರ ಆಗ ಉದ್ಯೋಗವಾಯಿತು. ಮನೆಯ ರೇಡಿಯೊದಲ್ಲಿ ಯಾರೂ ಕೇಳದಿದ್ದ ಫೈಲು, ಮೊದಲೇ ಒಪ್ಪಿಗೆ ಪಡೆಯಬೇಕಾದ ಬರಹ, ಸೆಕೆಂಡು ಲೆಕ್ಕ ಇವೆಲ್ಲ ಬಂದವು. ಸರ್ಕಾರದ ಸೂರಿನಡಿ ಹಾಸ್ಯ ಬೆಳೆಯುವುದು ಸುಲಭವಲ್ಲ. ಆದರೂ ಆ ತಲೆಮಾರು ಬೆಳೆಸಿತು. ಅದೇ ಬೆಂಗಳೂರು ನಿಲಯದಲ್ಲಿ ‘ಈರಣ್ಣ’ನಾಗಿ ಮನೆಮನೆಗೆ ಪರಿಚಯವಾದ ಎ.ಎಸ್. ಮೂರ್ತಿಯವರೂ ಇದೇ ಜಾತಿಯವರು. ಕಲಾಮಂದಿರ ಕಟ್ಟಿದ ಚಿತ್ರಕಲಾವಿದ ಎ.ಎನ್. ಸುಬ್ಬರಾಯರ ಮಗ, ರೇಡಿಯೊ, ಬೀದಿನಾಟಕ, ‘ಅಭಿನಯತರಂಗ’ ಎಂಬ ಭಾನುವಾರದ ರಂಗಶಾಲೆ. ನಾಟಕ ಬರೆಯುವ ಕೈಯೂ ಆಡುವ ಬಾಯಿಯೂ ಅವರಲ್ಲಿ ಒಂದೇ ಆಗಿತ್ತು. ಅವರದೇ ಒಂದು ಅಂಕಣವಾಗಬೇಕು, ಇನ್ನೊಂದು ವಾರ ಬರೆಯುತ್ತೇನೆ.

ಕಸ್ತೂರಿಯವರ ಬದುಕಿನ ಕೊನೆಯ ಭಾಗ ನನ್ನ ಈ ಕುಬ್ಜನ ಹೋಲಿಕೆಗೆ ಅಡ್ಡ ಬರುತ್ತದೆ, ಅದನ್ನು ಮುಚ್ಚಿಟ್ಟರೆ ಮೋಸವಾದೀತು. 1948ರಲ್ಲಿ ಸತ್ಯಸಾಯಿ ಬಾಬಾ ಅವರನ್ನು ಕಂಡ ಈ ನಗೆಗಾರ ಕ್ರಮೇಣ ಪುಟ್ಟಪರ್ತಿಯವರೇ ಆಗಿಹೋದರು. 1958ರಲ್ಲಿ ಶುರುವಾದ ‘ಸನಾತನ ಸಾರಥಿ’ಯ ಸಂಪಾದಕರಾದರು, ಬಾಬಾ ಅವರ ಚರಿತ್ರೆ ಬರೆದರು, ಬಾಬಾ ತೆಲುಗಿನಲ್ಲಿ ಆಡಿದ ಮಾತನ್ನು ವೇದಿಕೆಯ ಮೇಲೆ ಪಕ್ಕದಲ್ಲೇ ನಿಂತು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದರು. 1987ರ ಆಗಸ್ಟ್ 14ರಂದು ತೀರಿಕೊಳ್ಳುವವರೆಗೂ ಅಲ್ಲೇ. ತನ್ನ ಮಾತನ್ನು ತಾನೇ ಬರೆದು ತಾನೇ ಆಡುತ್ತಿದ್ದವರು ಮೂರು ದಶಕಗಳ ಕಾಲ ಇನ್ನೊಬ್ಬರ ಮಾತಿಗೆ ಬಾಯಾದರು. ಹಾಸ್ಯಪ್ರಿಯರು ಇದನ್ನು ನಷ್ಟವೆಂದೇ ಲೆಕ್ಕ ಹಾಕುತ್ತಾರೆ, ಭಕ್ತರಿಗೆ ಇದೇ ನಿಜವಾದ ಕಸ್ತೂರಿ. ಅವರಲ್ಲಿ ಬಹಳ ಮಂದಿಗೆ ‘ಅನರ್ಥಕೋಶ’ ಎಂಬ ಪುಸ್ತಕ ಇರುವುದೇ ಗೊತ್ತಿಲ್ಲ. ಎರಡು ಕಡೆಯವರೂ ಅರ್ಧರ್ಧ ಕಸ್ತೂರಿಯನ್ನು ಇಟ್ಟುಕೊಂಡಿದ್ದಾರೆ. ಕೇಳುಗನಾಗಿ ನನ್ನ ಮಾತು ಇಷ್ಟು: ಒಬ್ಬರು ಆಡಿದ ವಾಕ್ಯವನ್ನು ಮುಗಿಯುವ ಮೊದಲೇ ಹಿಡಿದು, ಅದರ ಲಯ ಕೆಡದಂತೆ ಇನ್ನೊಂದು ನುಡಿಯಲ್ಲಿ ಸಭೆಗೆ ತಲುಪಿಸುವುದು ಕಿವಿ ಹದ ಮಾಡಿಕೊಂಡವನಿಗೆ ಮಾತ್ರ ಆಗುವ ಕೆಲಸ. ಶ್ಲೇಷೆಗೆ ಬೇಕಾದ ಕಿವಿಯೂ ಅದೇ. ದಾರಿ ಬದಲಾಯಿತು, ಸರಕು ಹಳೆಯದೇ.

ಅವರ ಪ್ರಸಾರಗಳನ್ನು ಕೇಳಿಸಿ ಎಂದು ಓದುಗರು ಕೇಳಬಹುದು. ಆಗಿನ ಮಾತೆಲ್ಲ ನೇರ ಗಾಳಿಗೆ. ಮುದ್ರಿಸಿಟ್ಟುಕೊಳ್ಳುವ ಅಭ್ಯಾಸ ಕಡಿಮೆ, ಟೇಪು ದುಬಾರಿ, ಒಂದರ ಮೇಲೆ ಇನ್ನೊಂದು ಮುದ್ರಿಸುವುದು ರೂಢಿ. ಉಳಿದಿರುವುದು ಪುಸ್ತಕ. ಹಳೆ ಪುಸ್ತಕದಂಗಡಿಯಲ್ಲೋ ಶಿಕಾರಿಪುರ, ಶಿರಾಳಕೊಪ್ಪದ ಗ್ರಂಥಾಲಯದ ಕಪಾಟಿನಲ್ಲೋ ‘ಅನರ್ಥಕೋಶ’ ಸಿಕ್ಕರೆ ಕಣ್ಣಲ್ಲಿ ಓದಬೇಡಿ. ಒಬ್ಬರು ಪದ ಹೇಳಿ, ಎದುರಿಗೆ ಕುಳಿತವರು ಅರ್ಥ ಊಹಿಸಲಿ, ಆಮೇಲೆ ಕಸ್ತೂರಿಯವರದನ್ನು ಗಟ್ಟಿಯಾಗಿ ಓದಿ. ಒಂದು ಹೊತ್ತಿಗೆ ಎರಡು ಪುಟ ಸಾಕು. ಹೆಚ್ಚಾದರೆ ಅಜೀರ್ಣ, ಮತ್ತು ಮನೆಯವರು ಎರಡು ದಿನ ನೆಟ್ಟಗೆ ಮಾತಾಡುವುದಿಲ್ಲ.