ಖಂಡುಗ, ಹರದಾರಿ, ಏರು: ಹಳೆಯ ಮಾನಗಳ ಆಯಾಮವಿಚಾರ

ಹುಣಸೂರು, ಹೆಗ್ಗಡದೇವನಕೋಟೆ, ಎಡತೊರೆ ಸೀಮೆಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೮ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಇಂದಿನ ಪಿರಿಯಾಪಟ್ಟಣ ಅಂದು ಹುಣಸೂರಿಗೆ ಸೇರಿತ್ತು. ಎಡತೊರೆಯೇ ಇಂದಿನ ಕೃಷ್ಣರಾಜನಗರ. ಇಂತಹ ಶಾಸನಗಳನ್ನು ಆಧರಿಸಿ ಗ್ರಾಮಚರಿತ್ರೆಯನ್ನು ಬರೆಯುವವರಲ್ಲಿ ಒಂದು ರೂಢಿ ಬೆಳೆದಿದೆ. ದತ್ತಿಭೂಮಿ ಇಷ್ಟು ಖಂಡುಗವೆಂದು ಕಂಡೊಡನೆ ಅದನ್ನು ಒಂದೇ ಗುಣಕದಿಂದ ಎಕರೆಗೆ ತಿರುಗಿಸಿ, ಬಂದ ಅಂಕಿಗಳನ್ನು ಕೂಡಿಸಿ, ಯಾರ ಕೈಯಲ್ಲಿ ಎಷ್ಟು ನೆಲವಿತ್ತೆಂದು ನಿರ್ಣಯಿಸುವುದೇ ಆ ರೂಢಿ. ತರಗತಿಯಲ್ಲಿ ನಾವೂ ಹೀಗೆಯೇ ಪಾಠ ಹೇಳಿದ್ದುಂಟು. ಈ ಕ್ರಮ ಸಾಧುವೇ ಎಂಬುದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ಪರೀಕ್ಷೆಯ ಒರೆಗಲ್ಲನ್ನು ಭೌತಶಾಸ್ತ್ರದಿಂದ ಕಡ ತಂದಿದ್ದೇವೆ.

ಪ್ರತಿಯೊಂದು ರಾಶಿಗೂ ಆಯಾಮವೊಂದುಂಟು. ಸಮೀಕರಣದ ಎರಡು ಪಕ್ಕಗಳ ಆಯಾಮವೂ ಒಂದೇ ಆಗಿರತಕ್ಕದ್ದು. ಫ್ರೆಂಚ್ ಗಣಿತಜ್ಞ ಫೂರಿಯೆ ೧೮೨೨ರಲ್ಲಿ ಪ್ರಕಟಿಸಿದ ಉಷ್ಣವಿಷಯಕ ಗ್ರಂಥದಲ್ಲಿ ಈ ನಿಯಮವನ್ನು ಸ್ಪಷ್ಟಪಡಿಸಿದನು. ದ್ರವ್ಯರಾಶಿ, ಉದ್ದ, ಕಾಲ ಇವು ಯಂತ್ರಶಾಸ್ತ್ರದ ಮೂಲ ಆಯಾಮಗಳು. ದ್ರವ್ಯರಾಶಿಯನ್ನು ಉದ್ದದ ವರ್ಗದಿಂದ ಗುಣಿಸಿ ಕಾಲದ ವರ್ಗದಿಂದ ಭಾಗಿಸಿದರೆ ಶಕ್ತಿಯ ಆಯಾಮ ದೊರೆಯುತ್ತದೆ. ಸೇರಿಗೆ ಗಜವನ್ನು ಕೂಡಿಸಲಾಗದೆಂಬ ಅಂಗಡಿಯವನ ವಿವೇಕವೇ ಇಲ್ಲಿ ಶಾಸ್ತ್ರರೂಪವನ್ನು ತಾಳಿದೆ.

ಈಗ ಖಂಡುಗವನ್ನು ನೋಡೋಣ. ಇಪ್ಪತ್ತು ಕೊಳಗ ಒಂದು ಖಂಡುಗ. ಇದು ಧಾನ್ಯವನ್ನು ಅಳೆಯುವ ಮಾನ. ಆದುದರಿಂದ ಇದರ ಆಯಾಮ ಘನಗಾತ್ರದ್ದು. ಒಂದು ಖಂಡುಗ ಭೂಮಿಯೆಂದರೆ ಅಷ್ಟು ಬೀಜ ಬಿತ್ತುವ ನೆಲ. ಎಕರೆಯಾದರೋ ಕ್ಷೇತ್ರಫಲ. ಒಂದರಿಂದ ಮತ್ತೊಂದಕ್ಕೆ ಹೋಗಬೇಕಾದರೆ ಬಿತ್ತನೆಯ ದರವೆಂಬ ಮೂರನೆಯ ರಾಶಿ ನಡುವೆ ಬರಲೇಬೇಕು. ನಮ್ಮ ಪಟ್ಟಿಗಳು ಮುಚ್ಚಿಡುವುದು ಇದನ್ನೇ. ಇಂದಿನ ಬೇಸಾಯದಲ್ಲಿ ನಾಟಿಯ ಭತ್ತಕ್ಕೆ ಎಕರೆಗೆ ಸುಮಾರು ೨೫ ಕಿಲೋಗ್ರಾಂ ಬೀಜ ಬೇಕು. ಕೂರಿಗೆಯಲ್ಲಿ ಬಿತ್ತುವ ರಾಗಿಗೆ ೫ ಕಿಲೋಗ್ರಾಂ ಸಾಕು. ಹಿಂದಿನ ದರ ಇದೇ ಆಗಿತ್ತೆಂದು ನಾವು ಹೇಳುವುದಿಲ್ಲ. ಅಂತರದ ಸ್ವರೂಪ ಇದರಿಂದ ತಿಳಿಯುತ್ತದೆ. ಕಾವೇರಿಯ ಕಾಲುವೆಯಡಿ ಕೃಷ್ಣರಾಜನಗರದ ಕಡೆ ಒಂದು ಖಂಡುಗ ಗದ್ದೆಯನ್ನೂ ಹೆಗ್ಗಡದೇವನಕೋಟೆಯ ಮಳೆಯಾಶ್ರಿತ ಒಂದು ಖಂಡುಗ ಬೆದ್ದಲನ್ನೂ ಸಮವೆಂದು ಕೂಡಿಸಿದರೆ, ಒಂದಕ್ಕೆ ಐದರಷ್ಟು ಅಥವಾ ಅದಕ್ಕೂ ಮಿಗಿಲಾದ ಭೇದವನ್ನು ಅಳಿಸಿಹಾಕಿದಂತಾಗುತ್ತದೆ.

ಉಳಿದ ಮಾನಗಳ ಸ್ಥಿತಿಯೂ ಇದೇ. ಹರದಾರಿ ಸುಮಾರು ಮೂರು ಮೈಲಿಯೆಂದು ಹೇಳುತ್ತೇವೆ. ದಾರಿಹೋಕನಿಗೆ ಅದು ನಡಿಗೆಯ ಹೊತ್ತು. ನಾಗರಹೊಳೆಯ ಕಾಡುದಾರಿಯ ಹರದಾರಿಯೂ ಬಯಲಿನ ಹರದಾರಿಯೂ ಕಾಲಿಗೆ ಒಂದೇ ಅಲ್ಲ. ಅಹೋರಾತ್ರಿಯ ಅರವತ್ತನೆಯ ಒಂದು ಪಾಲಾದ ಗಳಿಗೆ ೨೪ ನಿಮಿಷವಾಗಿ ಸ್ಥಿರವಾಗಿ ನಿಲ್ಲುತ್ತದೆ; ಹಗಲಿನ ಕಾಲುಭಾಗವಾದ ಜಾವವು ಮಾತ್ರ ಈ ಅಕ್ಷಾಂಶದಲ್ಲಿ ಬೇಸಗೆಗೂ ಚಳಿಗಾಲಕ್ಕೂ ಸುಮಾರು ೨೦ ನಿಮಿಷ ವ್ಯತ್ಯಾಸವಾಗುತ್ತದೆ. ನಾಲ್ಕು ಏರಿನ ಒಕ್ಕಲು ಎಂಬ ಮಾತು ಎತ್ತುಗಳ ದುಡಿಮೆಯಿಂದ, ಎಂದರೆ ಶಕ್ತಿಯಿಂದ, ಹಿಡುವಳಿಯನ್ನು ಅಳೆಯುತ್ತದೆ. ಅಮೃತಮಹಲ್ ಇಲಾಖೆಯ ಕೇಂದ್ರವಾಗಿದ್ದ ಹುಣಸೂರಿನಲ್ಲಿ ಎತ್ತಿಗೂ ಎತ್ತಿಗೂ ಇರುವ ಅಂತರವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಹಾಗಾದರೆ ಒಂದು ಆಯಾಮವನ್ನು ಮತ್ತೊಂದರಿಂದ ಅಳೆಯುವುದೇ ತಪ್ಪೆ? ಅಲ್ಲ. ಭೌತಶಾಸ್ತ್ರವೂ ಅದನ್ನೇ ಮಾಡುತ್ತದೆ. ಜ್ಯೋತಿರ್ವರ್ಷವೆಂಬುದು ಕಾಲದಿಂದ ಅಳೆದ ದೂರವೇ. ೧೯೮೩ರಿಂದ ಮೀಟರಿನ ನಿರ್ವಚನವೂ ಹಾಗೆಯೇ ಇದೆ: ನಿರ್ವಾತದಲ್ಲಿ ಬೆಳಕು ಒಂದು ಸೆಕೆಂಡಿನ ೨೯,೯೭,೯೨,೪೫೮ನೆಯ ಒಂದು ಪಾಲಿನಲ್ಲಿ ಕ್ರಮಿಸುವ ದೂರವೇ ಮೀಟರು. ಕಿಲೋಗ್ರಾಮನ್ನು ೨೦೧೯ರಿಂದ ಪ್ಲಾಂಕನ ಸ್ಥಿರಾಂಕದ ಮೂಲಕ ನಿರ್ಣಯಿಸಲಾಗಿದೆ. ಐನ್‌ಸ್ಟೈನನು ೧೯೦೫ರಲ್ಲಿ ದ್ರವ್ಯರಾಶಿಗೂ ಶಕ್ತಿಗೂ ಕಲ್ಪಿಸಿದ ಸಂಬಂಧದಲ್ಲಿ ನಡುವೆ ನಿಲ್ಲುವ ಗುಣಕ ಬೆಳಕಿನ ವೇಗದ ವರ್ಗ. ಈ ಗುಣಕಕ್ಕೂ ಸ್ವಂತ ಆಯಾಮವುಂಟು. ಆದರೆ ಅದು ಪಿರಿಯಾಪಟ್ಟಣದಲ್ಲಿಯೂ ಪ್ಯಾರಿಸ್ಸಿನಲ್ಲಿಯೂ ಒಂದೇ. ಬಿತ್ತನೆಯ ದರಕ್ಕೆ ಈ ಗುಣವಿಲ್ಲ. ಅದು ನೆಲ, ನೀರು, ಬೆಳೆ, ಬಿತ್ತುವ ಕೈ ಇವುಗಳೊಡನೆ ಬದಲಾಗುತ್ತದೆ. ಭೌತವಿಜ್ಞಾನಿಗೂ ಹಳ್ಳಿಯ ಒಕ್ಕಲಿಗನಿಗೂ ಉಪಾಯ ಒಂದೇ. ಗುಣಕದ ಸ್ಥಿರತೆ ಮಾತ್ರ ಬೇರೆ. ಸ್ಥಿರವಲ್ಲದುದನ್ನು ಸ್ಥಿರಾಂಕವೆಂದು ಬಗೆದ ತಪ್ಪು ಒಕ್ಕಲಿಗನದಲ್ಲ, ನಮ್ಮದು.

ಒಕ್ಕಲಿಗನು ತನ್ನ ಪ್ರಶ್ನೆಗೆ ತಕ್ಕ ಮಾನವನ್ನೇ ಆರಿಸಿಕೊಂಡಿದ್ದನು. ಕಣಜದಿಂದ ಎಷ್ಟು ಬೀಜ ತೆಗೆಯಬೇಕು, ಬಿತ್ತಿದ್ದಕ್ಕೆ ಎಷ್ಟರಷ್ಟು ಬರುತ್ತದೆ ಎಂಬುದಕ್ಕೆ ಖಂಡುಗ ನೇರವಾಗಿ ಉತ್ತರ ಕೊಡುತ್ತಿತ್ತು; ಎಕರೆ ಕೊಡಲಾರದು. ೧೮೦೦ರಲ್ಲಿ ಪಿರಿಯಾಪಟ್ಟಣ, ಹನಗೋಡು, ಹೆಗ್ಗಡದೇವನಕೋಟೆಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ತನ್ನ ಪ್ರವಾಸಕಥನದಲ್ಲಿ ಬೀಜ, ಫಲ, ನೇಗಿಲುಗಳ ಲೆಕ್ಕವನ್ನು ಬಿಡದೆ ಬರೆದಿಡಲು ಇದೇ ಕಾರಣವಾಗಿರಬಹುದು.

ಎಕರೆಯ ಲೆಕ್ಕ ಸರ್ವಥಾ ಬೇಡವೆಂದು ನಮ್ಮ ವಾದವಲ್ಲ. ಕೋಲು, ಗಳೆಗಳಿಂದ ಅಳೆದ ಭೂಮಿಗೆ, ಆ ಕೋಲಿನ ಉದ್ದ ತಿಳಿದಿದ್ದರೆ, ಪರಿವರ್ತನೆ ನ್ಯಾಯವಾದುದೇ. ಅಲ್ಲಿ ಉದ್ದದಿಂದ ಕ್ಷೇತ್ರಕ್ಕೆ ಹೋಗುತ್ತೇವೆ. ಬೀಜದಿಂದ ಅಳೆದ ಭೂಮಿಯ ವಿಷಯದಲ್ಲಿ ಮೂಲಮಾನವನ್ನೇ ಮೊದಲು ಕೊಡಬೇಕು. ಗದ್ದೆಯೋ ಬೆದ್ದಲೋ ಎಂಬುದನ್ನು ಜೊತೆಗೆ ಹೇಳಬೇಕು. ಎಕರೆಯ ಅಂಕಿಯನ್ನು ಕೊಟ್ಟರೆ ಕನಿಷ್ಠ, ಗರಿಷ್ಠ ಮಿತಿಗಳೊಡನೆ ಕೊಡಬೇಕು. ಎರಡು ಬಗೆಯ ಖಂಡುಗಗಳನ್ನು ಕೂಡಿಸಬಾರದು. ಇಷ್ಟನ್ನು ಪಾಲಿಸಿದರೆ, ಗುಡಿಯ ಪರಿಚಾರಕನಿಗೆ ಬಿಟ್ಟ ಬೆದ್ದಲಿಗೂ ಅಗ್ರಹಾರದ ಗದ್ದೆಗೂ ಇದ್ದ ನಿಜವಾದ ಅಂತರ ನಮ್ಮ ಬರವಣಿಗೆಯಲ್ಲಿ ಉಳಿದೀತು. ಕಲ್ಲಿನ ಮೇಲೆ ಕಂಡರಿಸಿದವನು ಆ ಅಂತರವನ್ನು ಬಲ್ಲವನಾಗಿದ್ದನು; ಓದುವ ನಾವು ಅದನ್ನು ಕಳೆಯಬಾರದು.